ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತಿದೆಯಾ? ಮೊದಲು ಫೈಲ್ ನೋಡಿ, ಜೊತೆಗೆ ಗಡಿಯಾರ ನೋಡಿ

ಹನುಮಂತನಗರದಲ್ಲಿರುವ ನಮ್ಮ ಚಿಕ್ಕಪ್ಪನ ಲ್ಯಾಪ್‌ಟಾಪಿಗೆ ಹೆಚ್ಚು ಕಡಿಮೆ ಒಂಬತ್ತು ವರ್ಷ. ಒಳಗಿರುವುದು 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್, ಅದರಲ್ಲಿ 310 ಜಿಬಿ ತುಂಬಿದೆ. ಮದುವೆ ವಿಡಿಯೊ, ಸ್ಕ್ಯಾನ್ ಮಾಡಿಟ್ಟ ಮನೆ ಪತ್ರ, ಮೇಷ್ಟ್ರಾಗಿದ್ದಾಗ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪಾಠದ ಟಿಪ್ಪಣಿ, ಎಲ್ಲಾ ಅದರಲ್ಲೇ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತಲ್ವಾ, ಹೊಸ ಲ್ಯಾಪ್‌ಟಾಪ್ ತಗೊಳ್ಳೋಣ, ಅದಕ್ಕೆ ಮೊದಲು ಇದರಲ್ಲಿರುವುದನ್ನೆಲ್ಲ ಅದೇ ಮನೆಯಲ್ಲಿರುವ ತಂಗಿಯ ಡೆಸ್ಕ್‌ಟಾಪಿಗೆ ಹಾಕಿಡೋಣ ಅಂತ ಶುರುವಾಯಿತು. ಡೆಸ್ಕ್‌ಟಾಪಿನಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು ಲಿನಕ್ಸ್. ಒಂದು ಸಂಜೆಯ ಕೆಲಸ ಅಂದುಕೊಂಡು ಹೋದೆ. ಎಂಟು ದಿನ ಓಡಾಡಿದೆ.

ಯಾಕೆಂದರೆ ತೊಂದರೆ ಒಂದಲ್ಲ. ಐದಾರು ಇದ್ದವು, ಒಂದರ ಹಿಂದೆ ಒಂದು ಅಡಗಿಕೊಂಡಿದ್ದವು, ಹೊರಗಿನಿಂದ ನೋಡಿದರೆ ಹೆಚ್ಚಿನವು ಒಂದೇ ಥರ. ಹಸಿರು ಪಟ್ಟಿ ಸ್ವಲ್ಪ ದೂರ ಓಡುತ್ತದೆ, ನಿಲ್ಲುತ್ತದೆ, ಅಷ್ಟೇ. ಹತ್ತಿರದ ಅಂಗಡಿಯವರೊಬ್ಬರು "ಫಾರ್ಮ್ಯಾಟ್ ಹೊಡೆದುಬಿಡಿ ಸಾರ್, ಸರಿ ಹೋಗುತ್ತೆ" ಅಂದರು. ಬ್ಯಾಕಪ್ಪೇ ಆಗದಿದ್ದಾಗ ಫಾರ್ಮ್ಯಾಟ್! ನಮಸ್ಕಾರ ಹೇಳಿ ಎದ್ದು ಬಂದೆ.

ನಿಮ್ಮಲ್ಲೂ ಹೀಗೆ ನಿಲ್ಲುತ್ತಿದ್ದರೆ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಒಂದು ಚೀಟಿ ತಗೊಳ್ಳಿ. ಎರಡು ವಿಷಯ ಬರೆಯಿರಿ. ನಿಂತಾಗ ಯಾವ ಫೈಲ್ ಹೋಗುತ್ತಿತ್ತು? ಆಗ ಗಂಟೆ ಎಷ್ಟು, ಶುರುವಾಗಿ ಎಷ್ಟು ನಿಮಿಷ ಆಗಿತ್ತು? ಎರಡು ಸಲ ಹೀಗೆ ಬರೆದರೆ ಅರ್ಧ ಕೆಲಸ ಮುಗಿಯಿತು. ಪ್ರತಿ ಸಲ ಅದೇ ಫೈಲಿನಲ್ಲಿ ನಿಂತರೆ ಅನುಮಾನ ಡಿಸ್ಕಿನ ಮೇಲೆ, ಇಲ್ಲವೇ ಆ ಫೈಲಿನ ಮೇಲೆ. ಬೇರೆ ಬೇರೆ ಕಡೆ ನಿಂತರೆ ದಾರಿಯ ಮೇಲೆ, ಅಂದರೆ ಕೇಬಲ್, ವೈಫೈ, ರೌಟರ್, ಕರೆಂಟು. ಬರೀ ಪರ್ಸೆಂಟ್ ನಂಬಬೇಡಿ, ಅದು ಸುಳ್ಳು ಹೇಳುತ್ತದೆ. ಹೇಗೆ ಅಂತ ಕೇಳಿ.

ಚಿಕ್ಕಪ್ಪನ ವಾಕಿಂಗ್

ಮೊದಲ ಎರಡು ದಿನ ನಮ್ಮ ಬ್ಯಾಕಪ್ 8 ಪರ್ಸೆಂಟಿಗೆ ನಿಂತಿತು. ಎರಡೂ ದಿನ ಹೆಚ್ಚು ಕಡಿಮೆ ಅದೇ ಫೋಲ್ಡರ್. ಡಿಸ್ಕ್ ಹೋಯಿತು ಅಂತಲೇ ಅಂದುಕೊಂಡೆ. ಮೂರನೇ ದಿನ ಅಲ್ಲೇ ಕುಳಿತೆ. ಐದು ಗಂಟೆಗೆ ಶುರು ಮಾಡಿದ್ದು, ಐದೂ ನಲವತ್ತಕ್ಕೆ ಚಿಕ್ಕಪ್ಪ ರಾಮಾಂಜನೇಯ ಗುಡ್ಡದ ಕಡೆ ವಾಕಿಂಗ್ ಹೊರಟರು, ಚಪ್ಪಲಿ ಮೆಟ್ಟುವ ಮೊದಲು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಮೇಲೆ ಒಂದು ಕಸೂತಿ ಬಟ್ಟೆ ಹೊದಿಸಿ, ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಎಳೆದು ನೇರ ಮಾಡಿದರು. "ಧೂಳು ಕೂರುತ್ತೆ ಕಣೋ, ರೋಡಿನ ಪಕ್ಕದ ಮನೆ."

ಮುಚ್ಚಿದ ತಕ್ಷಣ ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತದೆ, ಕಾಪಿ ಸಾಯುತ್ತದೆ. ಅದೇ ವೇಗದಲ್ಲಿ ಅಷ್ಟೇ ಹೊತ್ತು ಓಡಿದರೆ ಅಷ್ಟೇ ದೂರ ಹೋಗುತ್ತದೆ ತಾನೇ, ಅದಕ್ಕೇ ಎರಡೂ ದಿನ ಅದೇ ಜಾಗ. ಗಡಿಯಾರ ನೋಡದೇ ಇದ್ದಿದ್ದರೆ ಒಳ್ಳೇ ಕಾರಣವಿಲ್ಲದೆ ಡಿಸ್ಕ್ ಬಿಚ್ಚಿಬಿಡುತ್ತಿದ್ದೆ.

ಇದಕ್ಕೆ ಮದ್ದು ಸುಲಭ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದರೆ ಏನು ಮಾಡಬೇಕು ಅನ್ನುವ ಕಡೆ 'ಡೂ ನಥಿಂಗ್' ಇಡಿ, ಚಾರ್ಜರ್ ಹಾಕಿದ್ದಾಗ ಸ್ಲೀಪ್ 'ನೆವರ್' ಮಾಡಿ. ಇಷ್ಟರ ಮೇಲೂ ಮುಚ್ಚಳ ತೆರೆದೇ ಇಡಿ. ಗಂಟೆಗಟ್ಟಲೆ ಓಡುವ ಹಳೇ ಡಿಸ್ಕು ಬಿಸಿಯಾಗುತ್ತದೆ, ಕಸೂತಿ ಬಟ್ಟೆ ಅದಕ್ಕೆ ಕಂಬಳಿ ಇದ್ದ ಹಾಗೆ. ಕೆಲಸ ಮುಗಿದ ಮೇಲೆ ಎರಡೂ ಸೆಟ್ಟಿಂಗನ್ನು ಮೊದಲಿನ ಹಾಗೆ ಮಾಡಿಕೊಡಿ.

ನಿಲ್ಲುತ್ತಿಲ್ಲ, ಆದರೆ ಬಸವನ ಹುಳು

ಎಷ್ಟು ವೇಗ ಬರುತ್ತಿದೆ ಅನ್ನುವ ಅಂಕಿಯೇ ಎಷ್ಟೋ ಹೇಳಿಬಿಡುತ್ತದೆ. ಸೆಕೆಂಡಿಗೆ 11 ಅಥವಾ 12 ಎಂಬಿಗೆ ಅಂಟಿಕೊಂಡು, ಮೇಲೂ ಹೋಗದೆ ಕೆಳಗೂ ಬರದೆ ಗೆರೆ ಎಳೆದ ಹಾಗೆ ನಿಂತಿದ್ದರೆ ನಿಮ್ಮ ದಾರಿ 100 ಎಂಬಿಪಿಎಸ್‌ನದು, ಅಂದರೆ ಸೆಕೆಂಡಿಗೆ 100 ಮೆಗಾಬಿಟ್‌ನದು (ಎಂಟು ಬಿಟ್‌ಗೆ ಒಂದು ಬೈಟ್) ಅಂತಲೇ ಲೆಕ್ಕ. ಅದರ ಹತ್ತರಷ್ಟಿರುವ ಗಿಗಾಬಿಟ್ ದಾರಿಯಾದರೆ 110ರ ತನಕ ಹೋಗುತ್ತದೆ, ಆದರೆ ಲ್ಯಾಪ್‌ಟಾಪಿನ ಹಳೇ ತಿರುಗುವ ಡಿಸ್ಕು ಅಷ್ಟು ಓದುವುದಿಲ್ಲ, ದೊಡ್ಡ ವಿಡಿಯೊಗಳಿಗೆ 80, 90 ಬಂದರೆ ಪುಣ್ಯ. ವೈಫೈನಲ್ಲಿ ರೌಟರ್ ಹಾಲಿನಲ್ಲಿದ್ದು ನೀವು ಎರಡು ಗೋಡೆ ದಾಟಿ ಕುಳಿತಿದ್ದರೆ ಮೂರೋ ನಾಲ್ಕೋ. ನಮ್ಮ 310 ಜಿಬಿಗೆ ಲೆಕ್ಕ ಹಾಕಿ: 3 ಎಂಬಿಯಲ್ಲಿ ಒಂದು ದಿನ ದಾಟುತ್ತದೆ, 11ರಲ್ಲಿ ಎಂಟು ಗಂಟೆ ಹತ್ತಿರ, 85 ಬಂದರೆ ಒಂದು ಗಂಟೆ ಚಿಲ್ಲರೆ. ಸಣ್ಣ ಸಣ್ಣ ಫೈಲುಗಳು ಸಾವಿರಗಟ್ಟಲೆ ಇದ್ದರೆ ವೇಗ ಬಿದ್ದೇ ಬೀಳುತ್ತದೆ, ಅದು ದೋಷ ಅಲ್ಲ.

ನಮ್ಮದು 11ಕ್ಕೆ ಅಂಟಿತ್ತು. ಎರಡೂ ಕಂಪ್ಯೂಟರಿಗೆ ಗಿಗಾಬಿಟ್ ಪೋರ್ಟ್ ಇದೆ, ರೌಟರಿಗೂ ಇದೆ. ಹಾಗಾದರೆ ಉಳಿದದ್ದು ಕೇಬಲ್. ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಪಾರದರ್ಶಕ ಪ್ಲಗ್ಗಿನೊಳಗೆ ಎಂಟು ಬಣ್ಣದ ತಂತಿ ಕಾಣಬೇಕು. ಕಂಡದ್ದು ನಾಲ್ಕೇ. 1, 2, 3, 6ರಲ್ಲಿ ತಂತಿ ಇದೆ, 4, 5, 7, 8 ಖಾಲಿ ಹಲ್ಲು. ಉಳಿದ ನಾಲ್ಕನ್ನು ಮನೆ ಕಟ್ಟುವಾಗ ವೈರಿಂಗ್ ಮಾಡಿದವರು ನೀಟಾಗಿ ಕತ್ತರಿಸಿ ಹಿಂದಕ್ಕೆ ಮಡಚಿದ್ದರು. 100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಬೆಂಗಳೂರಿನ ಹಳೇ ಮನೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲೂ, ಇದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಂಟೂ ಇದ್ದು ಒಂದು ಒಳಗೇ ತುಂಡಾಗಿದ್ದರೂ ಹೀಗೇ 100ಕ್ಕೆ ಇಳಿಯುತ್ತದೆ.

ಅವತ್ತು ಭಾನುವಾರ. ಎಸ್‌ಪಿ ರೋಡಿನಲ್ಲಿ ಬಹುತೇಕ ಅಂಗಡಿ ಬಾಗಿಲು. ಸೋಮವಾರ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ನಡೆದುಕೊಂಡು ಹೋಗಿ ಒಂದು ರೆಡಿಮೇಡ್ ಕ್ಯಾಟ್ 6 ಕೇಬಲ್ ತಂದೆ. ಇದನ್ನು ರೌಟರಿಗೆ ಹಾಕದೆ ಲ್ಯಾಪ್‌ಟಾಪಿಂದ ನೇರ ಡೆಸ್ಕ್‌ಟಾಪಿಗೇ ಹಾಕಬಹುದು, ಈಗಿನ ಪೋರ್ಟುಗಳಿಗೆ ಹಳೇ ಕಾಲದ ಕ್ರಾಸ್ ಕೇಬಲ್ ಬೇಕಿಲ್ಲ. ಆದರೆ ಎರಡು ಕಡೆಯೂ ಐಪಿ ವಿಳಾಸ ನೀವೇ ಕೊಟ್ಟರೆ ತಲೆನೋವು ಕಡಿಮೆ. ಕೊಡದಿದ್ದರೆ 169.254 ಅಂತ ಶುರುವಾಗುವ ವಿಳಾಸ ತಾವೇ ಹಾಕಿಕೊಳ್ಳುತ್ತವೆ, ಕೆಲಸ ನಡೆಯಬಹುದು, ನಡೆಯದೆಯೂ ಇರಬಹುದು.

ಬಾಗಿಲೇ ತೆರೆಯದಿದ್ದರೆ

ಇದು ನಮಗೆ ಅರ್ಧ ಗಂಟೆ ತಿಂದದ್ದು, ಚುಟುಕಾಗಿ ಹೇಳುತ್ತೇನೆ. ಆ ಕಡೆಯ ಕಂಪ್ಯೂಟರ್ ಕಾಣುತ್ತದೆ, ಆದರೆ ಪಾಸ್‌ವರ್ಡ್ ಹಾಕಿದರೆ ಒಳಗೆ ಬಿಡುವುದಿಲ್ಲ. ಆ ಕಡೆ ವಿಂಡೋಸ್ ಆದರೆ ಜನ ಹಾಕುವುದು ದಿನಾ ಒತ್ತುವ ನಾಲ್ಕಂಕಿ ಪಿನ್. ಅದು ಆ ಯಂತ್ರದ ಮುಂದೆ ಕುಳಿತಾಗ ಮಾತ್ರ ನಡೆಯುತ್ತದೆ, ನೆಟ್‌ವರ್ಕಿನಿಂದ ಬರುವವರಿಗೆ ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು. ಆ ಕಡೆ ಉಬುಂಟು ಇದ್ದು, ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳಲು ಸಾಂಬಾ ಅನ್ನುವ ತಂತ್ರಾಂಶ ಹಾಕಿಕೊಂಡಿದ್ದರೆ ಸಾಂಬಾಗೆ ಬೇರೆಯದೇ ಪಾಸ್‌ವರ್ಡ್ ಕೊಟ್ಟಿರಬೇಕು, ಲಾಗಿನ್ ಪಾಸ್‌ವರ್ಡ್ ತಾನಾಗಿ ಅಲ್ಲಿಗೆ ಬರುವುದಿಲ್ಲ. ತಂಗಿ ಅದನ್ನು ಕೊಟ್ಟೇ ಇರಲಿಲ್ಲ.

ಇನ್ನು ಕಂಪ್ಯೂಟರೇ ಕಾಣದಿದ್ದರೆ, ವಿಂಡೋಸ್‌ನಲ್ಲಿ ನೆಟ್‌ವರ್ಕ್ 'ಪಬ್ಲಿಕ್' ಅಂತ ಇದೆಯಾ ನೋಡಿ, ಮನೆಯದಾದರೆ 'ಪ್ರೈವೇಟ್' ಮಾಡಿ. ಎರಡೂ ಒಂದೇ ವೈಫೈನಲ್ಲಿ ಇವೆಯಾ ಅಂತಲೂ ನೋಡಿ. ಒಂದು ಮನೆಯ ವೈಫೈ, ಇನ್ನೊಂದು ಗೆಸ್ಟ್ ವೈಫೈ ಆಗಿದ್ದರೆ ಒಂದನ್ನೊಂದು ನೋಡುವುದಿಲ್ಲ.

ಟಿಕ್... ಟಿಕ್... ಟಿಕ್

ಹೊಸ ಕೇಬಲ್, ಮುಚ್ಚಳ ತೆರೆದಿದೆ, 80 ಎಂಬಿ ಓಡುತ್ತಿದೆ. ನಲವತ್ತು ನಿಮಿಷಕ್ಕೆ ಮತ್ತೆ ನಿಂತಿತು. ಈ ಸಲ ಬೇರೆ ಥರ. ಎರರ್ ಇಲ್ಲ, ಸುಮ್ನೆ ನಿಂತಿದೆ, ಮೌಸ್ ಕೂಡ ತಡವರಿಸುತ್ತಿದೆ. ಚಿಕ್ಕಪ್ಪ ಅಡುಗೆಮನೆಯಿಂದಲೇ "ಆಯ್ತೇನೋ?" ಅಂದರು. ಸ್ವಲ್ಪ ಫ್ಯಾನ್ ಆರಿಸಿ ಅಂದೆ. ಲ್ಯಾಪ್‌ಟಾಪಿನ ಎಡಗೈ ಇಡುವ ಜಾಗಕ್ಕೆ ಕಿವಿ ಕೊಟ್ಟೆ. ಟಿಕ್, ಒಂದು ಉಸಿರಿನಷ್ಟು ಬಿಡುವು, ಟಿಕ್, ಮತ್ತೆ ಬಿಡುವು, ಟಿಕ್. ಗೋಡೆ ಗಡಿಯಾರಕ್ಕಿಂತ ಮೆತ್ತಗೆ. ಓದಲಾಗದ ಜಾಗದ ಮೇಲೆ ಡಿಸ್ಕು ಮತ್ತೆ ಮತ್ತೆ ಪ್ರಯತ್ನ ಮಾಡುತ್ತಿರುವ ಸದ್ದು ಅದು.

ಕಿವಿಯನ್ನಷ್ಟೇ ನಂಬಬೇಕಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ನೋಡಿ. ಕೆಲಸ 100 ಪರ್ಸೆಂಟ್ ತೋರಿಸುತ್ತದೆ, ಆದರೆ ಓದುತ್ತಿರುವುದು ಸೊನ್ನೆಯ ಹತ್ತಿರ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್. ಆಗ ನೆಟ್‌ವರ್ಕಿನ ಗೆರೆ ನೆಲಕ್ಕೆ ಮಲಗಿರುತ್ತದೆ. ಹೀಗಿದ್ದರೆ ದಾರಿ ಖಾಲಿ ಇದೆ, ಸರಕೇ ಬರುತ್ತಿಲ್ಲ ಅಂತ ಅರ್ಥ.

ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದೆ. ಅದರಲ್ಲಿ ಬಣ್ಣ ನೋಡಿ ಸುಮ್ಮನಾಗಬೇಡಿ, ಸಾಲುಗಳನ್ನು ಓದಿ. 05 ಅನ್ನುವ ಸಾಲು ಡಿಸ್ಕು ಈಗಾಗಲೇ ಕೈಬಿಟ್ಟು ಬದಲಿ ಕೊಟ್ಟ ಜಾಗಗಳ ಎಣಿಕೆ. ಸಿ5 ಅನ್ನುವುದು ಓದಲಾಗದೆ, ಇನ್ನೂ ತೀರ್ಮಾನ ಆಗದೆ ಕುಳಿತಿರುವ ಜಾಗಗಳು, ನಮಗೆ ಮುಖ್ಯವಾದದ್ದು ಇದೇ. ಸಿ7 ಬೇರೆ, ಅದು ಡಿಸ್ಕಿಗೂ ಬೋರ್ಡಿಗೂ ನಡುವಿನ ಕೇಬಲ್ ಸಡಿಲ ಇದ್ದರೆ ಏರುವುದು, ಅದೊಂದೇ ಏರಿದ್ದರೆ ಡಿಸ್ಕನ್ನು ಬೈಯಬೇಡಿ. ನಮ್ಮದರಲ್ಲಿ ಸಿ5ರ ಕೊನೆಗೆ 18 ಅಂತ ಇತ್ತು. ಅದು ಹದಿನೆಂಟಲ್ಲ, ಆ ತಂತ್ರಾಂಶ ಕೊನೆಯ ಅಂಕಿಯನ್ನು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ನಮ್ಮ ಲೆಕ್ಕದಲ್ಲಿ 24.

ಇಲ್ಲಿ ಎಲ್ಲರೂ ಮಾಡುವ ತಪ್ಪು ವಿಂಡೋಸ್‌ನ ಡಿಸ್ಕ್ ಪರೀಕ್ಷಿಸುವ ಸಾಧನ ಚೆಕ್‌ಡಿಸ್ಕ್ ಓಡಿಸುವುದು. ದಯವಿಟ್ಟು ಈಗ ಬೇಡ. ರಿಪೇರಿ ಸಹಿತ ಚೆಕ್‌ಡಿಸ್ಕ್ ಇಡೀ ಡಿಸ್ಕನ್ನು ಗಂಟೆಗಟ್ಟಲೆ ಉಜ್ಜುತ್ತದೆ, ಜೊತೆಗೆ ಅದರ ಮೇಲೆ ಬರೆಯುತ್ತದೆ. ಸುಸ್ತಾದ ಡಿಸ್ಕಿನಿಂದ ಮೊದಲು ಡೇಟಾ ಹೊರಗೆ ಬರಬೇಕು, ರಿಪೇರಿ ಮಾತು ಆಮೇಲೆ. ಅದೂ ಬೇಕಾದ್ದು ಮೊದಲು: ಮನೆ ಪತ್ರ, ಟಿಪ್ಪಣಿ, ಫೋಟೊ. ನಿಂತುಹೋಗುವ ಫೋಲ್ಡರ್ ಎಲ್ಲಕ್ಕಿಂತ ಕೊನೆಗೆ. ಟಿಕ್ ಸದ್ದು ಜೋರಾಗಿ ಬಂದು, ಬಯೋಸ್‌ನಲ್ಲೂ ಡಿಸ್ಕ್ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ರೋಬೋಕಾಪಿಯ ಛಲ

ಮೌಸಿನಲ್ಲಿ ಎಳೆದು ಬಿಡುವ ಕಾಪಿಗೆ ಒಂದು ಫೈಲ್ ಸಿಕ್ಕಿಕೊಂಡರೆ ಹಿಂದಿನದೆಲ್ಲ ಕಾಯುತ್ತದೆ. ಹಾಗಾಗಿ ವಿಂಡೋಸ್‌ನಲ್ಲೇ ಬರುವ, ಆದೇಶ ಟೈಪ್ ಮಾಡಿ ಓಡಿಸುವ ರೋಬೋಕಾಪಿಗೆ ಬಂದೆ. ಒಳ್ಳೇ ಸಾಧನ, ಆದರೆ ಹೇಳದೇ ಬಿಟ್ಟರೆ ಇದಕ್ಕೊಂದು ಹುಚ್ಚು ಛಲ ಇದೆ. ಒಂದು ಫೈಲ್ ಬರದಿದ್ದರೆ 30 ಸೆಕೆಂಡ್ ಕಾಯುತ್ತದೆ, ಮತ್ತೆ ಪ್ರಯತ್ನಿಸುತ್ತದೆ, ಹೀಗೆ 10 ಲಕ್ಷ ಸಲ. ಗುಣಿಸಿದರೆ ಒಂದೇ ಫೈಲಿಗೆ 347 ದಿನ, ಅದೂ ಬರೀ ಕಾಯುವುದಕ್ಕೆ. ಬ್ಯಾಕಪ್ ರಾತ್ರಿಯೆಲ್ಲ ಓಡಿತು, ಬೆಳಿಗ್ಗೆಯೂ ಅಲ್ಲೇ ಇದೆ ಅನ್ನುವವರಲ್ಲಿ ಅರ್ಧ ಜನ ಇದರಲ್ಲಿ ಸಿಕ್ಕಿದವರು ಅಂತ ನನ್ನ ಅನುಮಾನ.

ಅದಕ್ಕೆ ಆದೇಶದ ಕೊನೆಗೆ ಸ್ಲ್ಯಾಶ್ ಹಾಕಿ ಆರ್ ಕೋಲನ್ 1, ಇನ್ನೊಂದು ಸ್ಲ್ಯಾಶ್ ಹಾಕಿ ಡಬ್ಲ್ಯು ಕೋಲನ್ 1 ಕೊಡಿ. ಒಂದೇ ಸಲ ಮರುಪ್ರಯತ್ನ, ಒಂದೇ ಸೆಕೆಂಡ್ ಕಾಯುವುದು. ಒಳಗಿನ ಫೋಲ್ಡರೆಲ್ಲ ಬರಲು ಸ್ಲ್ಯಾಶ್ ಇ, ನಡೆದದ್ದೆಲ್ಲ ಬರೆದಿಡಲು ಲಾಗ್. ಎಕ್ಸ್‌ಜೆ ಕೂಡ ಸೇರಿಸಿ, ಇಲ್ಲದಿದ್ದರೆ ಬಳಕೆದಾರರ ಫೋಲ್ಡರಿನೊಳಗಿನ ಕೆಲವು ಅಡ್ಡದಾರಿಗಳಲ್ಲಿ ಹೊಕ್ಕು ಸುತ್ತು ಹೊಡೆಯಬಹುದು. ಯಾರೋ ಹೇಳಿದರು ಅಂತ ಮಿರ್ ಹಾಕಬೇಡಿ. ಮೂಲದಲ್ಲಿ ಇಲ್ಲದ್ದನ್ನು ಅದು ಆ ಕಡೆಯಿಂದಲೂ ಅಳಿಸುತ್ತದೆ, ಫೋಲ್ಡರ್ ಹೆಸರು ತಪ್ಪಿ ಹಾಕಿದರೆ ತಂಗಿಯ ಫೈಲುಗಳಿಗೆ ತಿಲಾಂಜಲಿ.

ಲಾಗ್ ಓದುವುದೇ ಅಸಲಿ ರೋಗಪತ್ತೆ. ಎರರ್ ಅಂತ ಇರುವ ಕಡೆ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. 23 ಇದ್ದರೆ ಅಥವಾ 1117 ಇದ್ದರೆ ಡಿಸ್ಕ್ ಓದುತ್ತಿಲ್ಲ. 53, 59, 64, 121 ಇವೆಲ್ಲ ದಾರಿಯ ತೊಂದರೆ. 5 ಬಂದರೆ ನಿಮಗೆ ಅನುಮತಿ ಇಲ್ಲ. 32 ಬಂದರೆ ಆ ಫೈಲನ್ನು ಬೇರೆ ಯಾವುದೋ ತಂತ್ರಾಂಶ ತೆರೆದಿಟ್ಟುಕೊಂಡಿದೆ, ಸಾಮಾನ್ಯವಾಗಿ ಔಟ್‌ಲುಕ್ ಅಥವಾ ಟ್ಯಾಲಿ, ಮುಚ್ಚಿ ಮತ್ತೆ ಓಡಿಸಿ. 112 ಅಂದರೆ ಆ ಕಡೆ ಜಾಗ ಮುಗಿದಿದೆ.

ನಮ್ಮ ಲಾಗ್‌ನಲ್ಲಿ ಒಂದು ರಾತ್ರಿ ಸಾಲಾಗಿ 64. ಡಿಸ್ಕ್ ಅಲ್ಲ. ಮಳೆಗೆ ಕರೆಂಟ್ ಎರಡು ಸಲ ಮಿಣಕ್ ಅಂದಿತ್ತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಡೆಸ್ಕ್‌ಟಾಪ್ ಯುಪಿಎಸ್ ಮೇಲಿದೆ, ಇವೆರಡನ್ನೂ ಸೇರಿಸುವ ರೌಟರ್ ಮಾತ್ರ ದೇವರ ಮನೆ ಪಕ್ಕದ ಬರೀ ಸಾಕೆಟ್‌ನಲ್ಲಿ. ಅದನ್ನೂ ಯುಪಿಎಸ್‌ಗೆ ಹಾಕಿದೆ. ಹೊಸ ಕೇಬಲನ್ನು ಮೊದಲೇ ನೇರ ಹಾಕಿದ್ದಿದ್ದರೆ ಇದೂ ಬೇಕಿರಲಿಲ್ಲ, ಸೋಮಾರಿತನ.

ಕನ್ನಡ ಹೆಸರಿನ ಫೈಲುಗಳು ಮಾತ್ರ ಯಾಕೆ ಬರಲಿಲ್ಲ?

ಇದು ನನಗೂ ಹೊಸದು. ಡಿಸ್ಕಿನ ತಪ್ಪಿಲ್ಲದ, ದಾರಿಯ ತಪ್ಪಿಲ್ಲದ ಹದಿನೈದಿಪ್ಪತ್ತು ಫೋಟೊಗಳು ಲಾಗ್‌ನಲ್ಲಿ ಬಾಕಿ ಉಳಿದವು. ಪೆನ್‌ಡ್ರೈವಿಗೆ ಹಾಕಿದರೆ ಹೋಗುತ್ತವೆ, ಉಬುಂಟುಗೆ ಹೋಗುವುದಿಲ್ಲ. ಎಲ್ಲದರ ಹೆಸರೂ ಕನ್ನಡದಲ್ಲಿ, ಎಲ್ಲವೂ ಉದ್ದ. ಚಿಕ್ಕಪ್ಪ ಫೋಟೊಗೆ ಹೆಸರು ಇಡುವುದಿಲ್ಲ, ವಾಕ್ಯ ಬರೆಯುತ್ತಾರೆ. ಒಂದು ಹೀಗಿತ್ತು: 'ಮೈಸೂರಿನಲ್ಲಿ ದೊಡ್ಡಣ್ಣನ ಮಗಳ ಮದುವೆಯ ಹಿಂದಿನ ದಿನ ವರಪೂಜೆಗೆ ಬಂದಿದ್ದ ನೆಂಟರೆಲ್ಲ ಮೊದಲ ಪಂಕ್ತಿಯ ಊಟಕ್ಕೆ ಕುಳಿತಿರುವುದು'.

ವಿಂಡೋಸ್ ಹೆಸರನ್ನು ಚಿಹ್ನೆಗಳಲ್ಲಿ ಎಣಿಸುತ್ತದೆ, 255ರ ತನಕ ಬಿಡುತ್ತದೆ. ಡಿಸ್ಕಿನಲ್ಲಿ ಫೈಲ್ ಜೋಡಿಸಿಡಲು ಉಬುಂಟು ಸಾಮಾನ್ಯವಾಗಿ ಬಳಸುವ ಎಕ್ಸ್ಟ್4 ಪದ್ಧತಿ ಕೂಡ 255ರ ತನಕವೇ, ಆದರೆ ಅದು ಎಣಿಸುವುದು ಬೈಟ್. ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೂ ಅಲ್ಲಿ ಮೂರು ಬೈಟ್. 'ಲ್ಲಿ' ನಮಗೆ ಒಂದಕ್ಷರ, ಕಂಪ್ಯೂಟರಿಗೆ ಲ, ಅರ್ಧಾಕ್ಷರದ ಗುರುತು, ಇನ್ನೊಂದು ಲ, ಗುಡಿಸು, ಒಟ್ಟು ನಾಲ್ಕು, ಅಂದರೆ 12 ಬೈಟ್. ಮೇಲಿನ ಹೆಸರನ್ನು ಕುಳಿತು ಎಣಿಸಿದೆ: 91 ಚಿಹ್ನೆಗೆ 273, ನಡುವಿನ 12 ಖಾಲಿ ಜಾಗ, ಕೊನೆಯ ಡಾಟ್ ಜೆಪಿಜಿ 4, ಒಟ್ಟು 289. ಮಿತಿ ದಾಟಿತು. ಇಂಗ್ಲಿಷಿನಲ್ಲಿ ಇಷ್ಟೇ ಉದ್ದದ ಹೆಸರಿಟ್ಟವರಿಗೆ ಈ ತೊಂದರೆ ಬರುವುದೇ ಇಲ್ಲ, ಹಾಗಾಗಿ ಹುಡುಕಿದರೂ ಉತ್ತರ ಸಿಗುವುದು ಕಷ್ಟ.

ಹೆಸರು ಚಿಕ್ಕದು ಮಾಡಬಹುದು. ಚಿಕ್ಕಪ್ಪ ಒಪ್ಪಲಿಲ್ಲ. ಹಾಗಾಗಿ ಆ ಫೋಲ್ಡರನ್ನು ಲ್ಯಾಪ್‌ಟಾಪಿನಲ್ಲೇ ಸೆವೆನ್‌ಝಿಪ್‌ನಲ್ಲಿ ಒಂದು ಗಂಟು ಕಟ್ಟಿ, ಗಂಟಿಗೆ ಚಿಕ್ಕ ಹೆಸರಿಟ್ಟು ಕಳಿಸಿದೆ. ಮುಂದೆ ವಿಂಡೋಸ್‌ನಲ್ಲಿ ಬಿಚ್ಚಿದರೆ ಎಲ್ಲ ಹೆಸರೂ ಹಾಗೇ ಬರುತ್ತವೆ.

ಉಳಿದ ಆರು

ಎಲ್ಲ ಆದ ಮೇಲೆ ಎರರ್ 23 ಇದ್ದ ಆರು ವಿಡಿಯೊ ಉಳಿದವು. ಲ್ಯಾಪ್‌ಟಾಪ್ ಆರಿಸಿ, ತಳದ ತಿರುಪು ಬಿಚ್ಚಿ, ಡಿಸ್ಕ್ ತೆಗೆದು ನೇರ ಡೆಸ್ಕ್‌ಟಾಪಿನ ಸಾಟಾ ಕೇಬಲಿಗೆ ಹಾಕಿದೆ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನದಕ್ಕೂ ಡೆಸ್ಕ್‌ಟಾಪಿನ ದೊಡ್ಡದಕ್ಕೂ ಅದೇ ಕನೆಕ್ಟರ್. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಬಿಚ್ಚುವ ಮೊದಲೇ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಆಮೇಲೆ ಹುಡುಕಿದರೆ ಅಳು ಬರುತ್ತದೆ.

ಉಬುಂಟುವಿನಲ್ಲಿ ಡಿಡಿರೆಸ್ಕ್ಯೂ ಓಡಿಸಿದೆ, ಕೆಟ್ಟ ಡಿಸ್ಕಿನ ಪ್ರತಿ ತೆಗೆಯುವ ತಂತ್ರಾಂಶ. ಇದು ಕೆಟ್ಟ ಜಾಗಕ್ಕೆ ತಲೆ ಚಚ್ಚಿಕೊಳ್ಳುವುದಿಲ್ಲ. ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಬರದ ಕಡೆ ಹಾರಿ, ಎಲ್ಲೆಲ್ಲಿ ಹಾರಿದೆ ಅಂತ ಮ್ಯಾಪ್ ಫೈಲಿನಲ್ಲಿ ಬರೆದಿಟ್ಟು, ಆಮೇಲೆ ಅಲ್ಲಿಗೆ ವಾಪಸ್ ಬರುತ್ತದೆ. ಮ್ಯಾಪ್ ಫೈಲ್ ಹೆಸರು ಕೊಡದೆ ಶುರು ಮಾಡಬೇಡಿ, ಅದಿದ್ದರೆ ನಡುವೆ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಇಡೀ ಡಿಸ್ಕಿನ ಪ್ರತಿ ಆಗುವುದರಿಂದ 310 ಅಲ್ಲ, 1 ಟಿಬಿ ಜಾಗವೇ ಬೇಕು. ಮತ್ತೆ, ಎಂಟರ್ ಒತ್ತುವ ಮೊದಲು ಯಾವುದು ಮೂಲ, ಯಾವುದು ಗುರಿ ಅಂತ ಎರಡು ಸಲ ನೋಡಿ. ಅದಲು ಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕುಳಿತುಕೊಳ್ಳುತ್ತದೆ. ನಾನು ತಂಗಿಯನ್ನು ಕರೆದು ಅವಳ ಕೈಲೂ ಓದಿಸಿದೆ.

ಒಂದು ರಾತ್ರಿ, ಮತ್ತೆ ಮಾರನೇ ದಿನ ಮಧ್ಯಾಹ್ನದ ತನಕ ಓಡಿತು. ಪ್ರತಿಯನ್ನು ಓದಲು ಮಾತ್ರ ತೆರೆದು ನೋಡಿದರೆ ಆರರಲ್ಲಿ ಐದು ಪೂರ್ತಿ ಬಂದಿದ್ದವು.

ಕೊನೆಗೆ ಒಂದು ಪರೀಕ್ಷೆ. ಸೈಜ್ ಹೊಂದಿತು ಅಂತ ಮುಗಿಸಬೇಡಿ, ಬೇರೆ ಬೇರೆ ಫೋಲ್ಡರಿನಿಂದ ನಾಲ್ಕು ಫೈಲ್ ತೆಗೆದು ನೋಡಿ. ನಾನು ಚಿಕ್ಕಪ್ಪನ ಟಿಪ್ಪಣಿ ತೆಗೆದೆ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿತ್ರ ವಿಚಿತ್ರ ಗುರುತುಗಳ ಕಲಸುಮೇಲೋಗರ. ಅವರ ಮುಖ ಬಿಳಿಚಿತು. ಫೈಲ್ ಕೆಟ್ಟಿರಲಿಲ್ಲ. ಹಳೇ ನುಡಿ, ಬರಹದ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೇ ಕಾಣುತ್ತದೆ. ಫಾಂಟುಗಳು ಇರುವುದು ವಿಂಡೋಸ್ ಫೋಲ್ಡರಿನೊಳಗೆ, ನಾವು ಬ್ಯಾಕಪ್ ಮಾಡಿದ್ದು ಬಳಕೆದಾರರ ಫೋಲ್ಡರ್ ಮಾತ್ರ. ಡಿಡಿರೆಸ್ಕ್ಯೂ ಪ್ರತಿಯಿಂದ ನುಡಿಯ ಫಾಂಟುಗಳನ್ನು ಎತ್ತಿ ಉಬುಂಟುಗೆ ಹಾಕಿ ಮತ್ತೆ ತೆಗೆದೆ. ಎಂಟನೇ ತರಗತಿಯ ವ್ಯಾಕರಣ, ಸಂಧಿ ಪಾಠ, ಅಕ್ಷರ ಅಕ್ಷರವೂ ಇತ್ತು. ಚಿಕ್ಕಪ್ಪ ಕನ್ನಡಕ ಸರಿ ಮಾಡಿಕೊಂಡು ಎರಡನೇ ಸಾಲಿನಲ್ಲಿ ಒಂದು ಕಾಗುಣಿತದ ತಪ್ಪು ಹಿಡಿದರು.